ಅಲುಗಿದ ಕೆಸರು

ಸೋಚಿಮಿಲ್ಕೊ,
ಫೆಬ್ರವರಿ 2, ಕಾಂದೆಲಾರಿಯಾ ಹಬ್ಬ

ಪ್ರೀತಿಯ ತಂಗಿ ಎವುಲಾಲಿಯಾ,

ಕೊನೆಗೂ ನಮ್ಮಣ್ಣ ಮಕಾರಿಯೊನ ಬಾಯಿ ಮುಚ್ಚಿತು ಕಣೇ! ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ ಅಂತ ಬೈಯಬೇಡ. ಗೆದ್ದಮೇಲೇ ಬರೆಯೋಣ ಅಂತಿದ್ದೆ. ಸೋತಿದ್ದರೆ, ಕೈ ಮುರಿದಿದೆ ಅಂತ ನಿನ್ನ ಅತ್ತಿಗೆ ತೊಮಾಸಾಳಿಂದ ಬರೆಸುತ್ತಿದ್ದೆ.

ಅಣ್ಣನ ಷರತ್ತು ನಿನಗೆ ಗೊತ್ತಲ್ಲ. ಈ ಹಬ್ಬದೊಳಗೆ ಕಾಲುವೆಯಲ್ಲಿ ನಮ್ಮ ನಗುಮೊಗದ ನೀರುಹಲ್ಲಿ ಅಹೊಲೋತೆಯ ಒಂದಾದರೂ ಮರಿ ಕಾಣಬೇಕು. ಇಲ್ಲದಿದ್ದರೆ ಕಾಲುವೆ ಮುಚ್ಚಿ, ಅಪ್ಪನ ತೋಟವೆಲ್ಲ ಫುಟ್‌ಬಾಲ್ ಮೈದಾನ. ಕಾರ್ಪ್ ಮೀನು ನುಗ್ಗದಂತೆ ಕಾಲುವೆಯ ಬಾಯಿಗೆ ಕಲ್ಲು, ಜೊಂಡು ಕಟ್ಟಿ ನಾನು ಬಿಟ್ಟಿದ್ದ ಆರು ಜೋಡಿ ಅಹೊಲೋತೆ ಎರಡು ವರ್ಷದಿಂದ ಸುಳಿವೇ ಕೊಟ್ಟಿರಲಿಲ್ಲ. "ನಿನ್ನ ಬೀಗರು ಊರು ಬಿಟ್ರೇನೋ?" ಅಂತ ದಿನಾ ಚುಚ್ಚುತ್ತಿದ್ದ. ನಿನ್ನೆ ಮೈದಾನ ಅಳೆಯೋಕೆ ಗೂಟಗಳನ್ನೂ ಹೊತ್ತು ತಂದ.

ಇವತ್ತು ಬೆಳಿಗ್ಗೆ ಮೆಣಸಿನ ಸಸಿಮಡಿಗೆ ಕಾಲುವೆಯ ಕೆಸರು ಮೊಗೆದು ದಡದಲ್ಲಿ ಹರಡಿದೆ. ಚೌಕಕ್ಕೊಂದು ಬೀಜ ಊರಲು ಅದನ್ನು ಚಾಕುವಿನಿಂದ ಚೌಕಚೌಕವಾಗಿ ಕೊಯ್ಯುತ್ತಿದ್ದಾಗ ಒಂದು ಚೌಕ ಅಲುಗಿತು!

"ಗೊದಮೊಟ್ಟೆ ಇರ್ಬೇಕು, ಕೊಯ್ಯೋ," ಅಂದ ಅಣ್ಣ.

ನೀರು ಚಿಮುಕಿಸಿದೆ. ಕಿರುಬೆರಳಷ್ಟು ಮೈ, ನಾಲ್ಕು ಪುಟ್ಟ ಕಾಲು, ಕತ್ತಿನ ಎರಡೂ ಕಡೆ ಗರಿಯಂಥ ಕಿವಿರು, ಅದೇ ಅಗಲ ಬಾಯಿ. ಅಹೊಲೋತೆ!

ಅಣ್ಣ ಕೆಸರಲ್ಲೇ ಮಂಡಿಯೂರಿದ. "ಲೋ, ಇದು ಅಪ್ಪನ ಥರಾನೇ ನಗ್ತದಲ್ಲೋ!"

"ಹೂಂ, ನಿನ್ನ ಗೂಟ ನೋಡಿ ನಗ್ತಿದೆ."

ಆ ಗೂಟಗಳನ್ನೇ ಈಗ ಕಾಲುವೆಯ ಬಾಯಿಗೆ ಹೊಡೆಯುತ್ತಿದ್ದಾನೆ. "ಇನ್ನೆರಡು ಕಲ್ಲು ತಾರೋ ಸೋಂಬೇರಿ, ಕಾರ್ಪ್ ನುಗ್ಗಿದ್ರೆ ನಿನ್ನೇ ಕಾಲುವೆಗೆ ಹಾಕ್ತೀನಿ," ಅಂತ ನನಗೇ ಜೋರು!

ನಿನ್ನ ಮನೆಯಲ್ಲೂ ಹೀಗೇ ನಗು ತುಂಬಿರಲಿ, ಮಕ್ಕಳಿಗೆ ಮುತ್ತು.

ನಿನ್ನಣ್ಣ,
ಕ್ರಿಸೋಫೊರೊ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನಾವು ಚಿಕ್ಕವರಿದ್ದಾಗ ನಮ್ಮ ಕಾಲುವೆಗೆ ಕಾರ್ಪ್ ತಂದದ್ದು, ಮನೆಯವರೆಲ್ಲ ನಂಬಿದ ಹಾಗೆ, ಪ್ರವಾಹವಲ್ಲ ತಂಗಿ. ಮನೆ ಮುಂದೆಯೇ ಗಾಳ ಹಾಕುವ ಆಸೆಗೆ, ಹದಿಮೂರರ ವಯಸ್ಸಲ್ಲಿ, ಒಂದು ಬಕೆಟ್ ಕಾರ್ಪ್ ಮರಿ ಸುರಿದವನು ನಾನು. ಅವು ಅಹೊಲೋತೆಯ ಮೊಟ್ಟೆಯನ್ನೆಲ್ಲ ತಿಂದವು. ಅಪ್ಪ ಸಾಯುವವರೆಗೂ ಪ್ರವಾಹಕ್ಕೆ ಶಾಪ ಹಾಕಿದ. ನಾನೂ ಜೊತೆಗೆ ಹಾಕಿದೆ. ಇವತ್ತು ಮರಿಯನ್ನು ನೀರಿಗೆ ಬಿಡುವಾಗ ಹೇಳಿದೆ: ಅಪ್ಪಾ, ಒಂದನ್ನು ವಾಪಸ್ ಇಟ್ಟಿದ್ದೀನಿ. ಅಣ್ಣನಿಗೂ ಈಗಲೇ ಹೇಳಿಬಿಡಬೇಕು ಅನ್ನುವಷ್ಟರಲ್ಲಿ ತೊಮಾಸಾ ಕೂಗುತ್ತಿದ್ದಾಳೆ: "ತಮಾಲೆ ಕಡುಬು ಆರ್ತಿದೆ ಬನ್ರೀ! ನಿಮ್ಮಣ್ಣ ಆಗ್ಲೇ ತಟ್ಟೆ ಮುಂದೆ ಕೂತವ್ರೆ!"