ಕಣ್ಣು ಕಟ್ಟಿಕೊಂಡು ಹತ್ತಿದ ಗುಡ್ಡ

ಪ್ರೀತಿಯ ಸುಕನ್ಯಾ,

ಈ ಪತ್ರವನ್ನು ನಿನ್ನ ಮಗಳು ಶಿಲ್ಪಶ್ರೀ ಓದಿ ಹೇಳುತ್ತಾಳೆ. ಅವಳು ಮುಗಿಸುವ ತನಕ ಎದ್ದು ಒಳಗೆ ಹೋಗಬೇಡ.

ಹೋದ ತಿಂಗಳು ಕಂಪ್ಲಿಗೆ ಬಂದಾಗ ನೀನು ಗೋಡೆಯ ಕಡೆ ಮುಖ ಮಾಡಿ, “ಕಣ್ಣಿಲ್ಲದಾಕಿಗೆ ಗುಡ್ಡ ಯಾಕಲೇ ಹೇಮಾ? ಇನ್ನ ಕರಿಯಾಕ ಬರಬ್ಯಾಡ” ಅಂದೆ. ಬಸ್ಸು ಹೊಸಪೇಟೆ ಮುಟ್ಟುವವರೆಗೂ ಅತ್ತೆ. ಮರುದಿನ ಸಿಟ್ಟು ಬಂತು. ಸಕ್ಕರೆ ಕಾಯಿಲೆ ನಿನ್ನ ಕಣ್ಣು ಕಿತ್ತುಕೊಂಡಿತು, ನಿಜ. ಗುಡ್ಡವನ್ನೂ ಅದಕ್ಕೇ ಬಿಟ್ಟುಕೊಡುತ್ತೀಯಾ?

ನಿನ್ನೆ ಸಂಡೂರಿನ ಗುಡ್ಡದಲ್ಲಿರುವ ನಮ್ಮ ಉದ್ಯಾನಕ್ಕೆ ಹೋಗಿದ್ದೆ. ಕಾಡು ಮರಳಿ ಬೆಳೆದ ಕಥೆಯನ್ನು ಬಾಗಿಲ ಬಳಿಯ ಕೋಣೆಯಲ್ಲಿ ಫೋಟೋಗಳಾಗಿ ತೂಗುಹಾಕಿದ್ದಾರೆ. ಅದಿರು ಅಗೆದು ಬೋಳಾದ ಗುಡ್ಡ, ಸಸಿಗಳಿಗೆ ನೀರು ಹೊತ್ತ ನಾವು, ಮೊಣಕಾಲುದ್ದ ಕೆಂಪು ಮಣ್ಣು. ಉಳಿದವರೆಲ್ಲ ದಣಿದು ನಿಂತಿದ್ದರೆ ನೀನೊಬ್ಬಳೇ ನಗುತ್ತಿದ್ದೀಯ. ಆಮೇಲೆ ಇಪ್ಪತ್ತು ವರ್ಷ ಅದೇ ಕಾಡಿನಲ್ಲಿ ಜನರಿಗೆ ಹಕ್ಕಿಗಳನ್ನು ಪರಿಚಯಿಸಿದವಳು ನೀನು.

ಕಾಲುದಾರಿಯ ಆರಂಭದಲ್ಲಿ ಸೆರಗಿನಿಂದ ಕಣ್ಣು ಕಟ್ಟಿಕೊಂಡೆ. ನಿನ್ನ ಜಾಗಕ್ಕೆ ಬಂದಿರುವ ಮೌನೇಶ್ ಗಾಬರಿಯಾದ.

“ಬ್ಯಾಡ್ರಿ ಅಕ್ಕಾರ, ಬಿದ್ದೀರಿ!”

“ಸುಕನ್ಯಾ ಇಲ್ಲಿ ನಡೀಬೌದೋ ಇಲ್ಲೋ ನೋಡ್ಬೇಕಪ್ಪಾ. ಬಾಯಿಲೆ ದಾರಿ ಹೇಳು, ಕೈ ಹಿಡೀಬ್ಯಾಡ.”

ಮೊದಮೊದಲು ಚೆನ್ನಾಗಿಯೇ ನಡೆದೆ. ಇಳಿಜಾರಿನ ತಿರುವಿನಲ್ಲಿ ಕಾಲು ಜಾರಿ ಬಿದ್ದೆ. ಮೊಣಕಾಲು ತರಚಿತು. ನಿಜ ಹೇಳುತ್ತೇನೆ, ಭಯವಾಯಿತು. ನೀನು ದಿನವೂ ಎಂಥ ಕತ್ತಲಲ್ಲಿ ಹೆಜ್ಜೆ ಇಡುತ್ತೀಯೆಂದು ಆಗ ಅರ್ಥವಾಯಿತು. “ಸಾಕ್ರಿ, ಬಿಚ್ರಿ” ಎಂದು ಮೌನೇಶ್ ಅಂಗಲಾಚಿದ. ಬಿಚ್ಚಲಿಲ್ಲ. ಎದ್ದು, ಬಂಡೆ ತಡವಿಕೊಂಡು ಮೇಲೆ ಹತ್ತಿದೆ.

ತುದಿಯಲ್ಲಿ ಕೂತಾಗ ಪೊದೆಯೊಳಗಿಂದ ಒಂದು ಹಕ್ಕಿ ಕೂಗಿತು. ಯಾವುದೆಂದು ಕೇಳಿದೆ. “ಗೌಜಲಕ್ಕಿನೋ ಕಾಡುಕೋಳಿನೋ, ನಂಗ ತಿಳೀವಲ್ದು. ಸುಕನ್ಯಕ್ಕ ಆಗಿದ್ರ ಕಣ್ಣು ಮುಚ್ಕೊಂಡ ಹೇಳ್ತಿದ್ರು” ಅಂದ. ಹೌದಲ್ಲೇ! ಹಕ್ಕಿಯ ದನಿ ಕೇಳುವಾಗ ನೀನು ಯಾವಾಗಲೂ ಕಣ್ಣು ಮುಚ್ಚುತ್ತಿದ್ದೆ.

ಕಟ್ಟು ಬಿಚ್ಚಿ ಇಳಿದವಳೇ ಉದ್ಯಾನದ ಅಧಿಕಾರಿ ಮಧ್ವೇಶರ ಮುಂದೆ ಕೂತೆ. ತಿರುವಿನುದ್ದಕ್ಕೂ ಹಿಡಿದು ನಡೆಯಲು ಹಗ್ಗ ಕಟ್ಟುವ ತನಕ ಏಳುವುದಿಲ್ಲ ಎಂದೆ. ಅವರು ನಕ್ಕರು, ಆಮೇಲೆ ನನ್ನ ಮೊಣಕಾಲಿನ ರಕ್ತ ನೋಡಿ ಆಳುಗಳನ್ನು ಕರೆದರು. ಸಂಜೆಯೊಳಗೆ ಹಗ್ಗ ಬಿಗಿಯಾಯಿತು. ಎಳೆದು ನೋಡಿಯೇ ಬಂದಿದ್ದೇನೆ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಮುಂದಿನ ಭಾನುವಾರವೂ ಬರುತ್ತೇನೆ. ಬೈಯುವುದಿದ್ದರೆ ಗುಡ್ಡದ ಮೇಲೆ ಕೂತು ಬೈ.

ನಿನ್ನ ಕಾಲಿಗೆ ಬಲ ಬರಲಿ, ತಾಯೀ.

ನಿನ್ನನ್ನು ಬಿಡದ
ಹೇಮಾ
ಚಿತ್ತವಾಡ್ಗಿ