ಟಿವಿಯವರು ಕತ್ತರಿಸಿದ ಮಾತು

ಕಾಂದಿವಲಿ ಪೂರ್ವ, ಮುಂಬಯಿ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಶೀತಲ್‌ಳ ಅಪ್ಪನವರಿಗೆ ನೀಲಾಬಾಯಿಯ ನಮಸ್ಕಾರ.

ಜ್ವರ ಇಳಿಯಿತೇ? ಕಾಲಿನ ಗಾಯ ಒಣಗುತ್ತಿದೆಯೇ? ಆಸ್ಪತ್ರೆಯ ಊಟ ರುಚಿಸದಿದ್ದರೂ ಬಿಡಬೇಡಿ, ಮೈಗೆ ಬಲ ಬರಬೇಕು. ನಿನ್ನೆ ಫೋನಿನಲ್ಲಿ ನಿಮ್ಮ ದನಿ ಕೇಳಿ ಶೀತಲ್, "ಪಪ್ಪಾ ಕಾ ಆವಾಜ್ ಛೋಟಾ ಹೋ ಗಯಾ" ಅಂದಳು, ನಿಮ್ಮ ದನಿ ಸಣ್ಣದಾಗಿದೆಯಂತೆ. ಕನ್ನಡದಾಗ ಹೇಳು ಅಂದರೆ ನಾಚಿಕೊಂಡು ಒಳಗೆ ಓಡಿದಳು. ನೀವು ಬಂದು ಕಲಿಸಿರಿ, ನನ್ನ ಮಾತು ಕೇಳುವುದಿಲ್ಲ. ಕಂಪನಿಯ ಸಾಹೇಬರು ನಾಳೆ ನಿಮ್ಮ ಕಡೆ ಹೊರಟಿದ್ದಾರೆ. ನಿಮ್ಮ ಅಂಗಿ, ಸ್ವೆಟರ್ ಜೊತೆ ಈ ಪತ್ರವನ್ನೂ ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಫೋನಿನಲ್ಲಿ ನಿಮ್ಮ ಪಕ್ಕ ಯಾರೋ ಅಧಿಕಾರಿಗಳು ನಿಂತಿರುತ್ತಾರೆ, ಮನಸ್ಸು ಬಿಚ್ಚಿ ಮಾತಾಡಲಿಕ್ಕೆ ಆಗುವುದಿಲ್ಲ.

ನಿಮ್ಮ ವಿಡಿಯೊ ನನ್ನ ಕೈಗೆ ಹೇಗೆ ಬಂತು ಎಂದು ಕೇಳಿದಿರಿ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆ ದೇಶದಲ್ಲಿ ವಿದ್ಯುತ್ ಟವರ್ ಕೆಲಸದ ಜಾಗದಿಂದ ಬಂದೂಕಿನವರು ನಿಮ್ಮನ್ನೂ ಕಾಶಪ್ಪಣ್ಣನನ್ನೂ ಎತ್ತಿಕೊಂಡು ಹೋದರೆಂದು ಕಂಪನಿಯವರು ಹೇಳಿದ ಮೇಲೆ ಬೇಸಿಗೆ ಇಡೀ ಸುದ್ದಿ ಇಲ್ಲ. ಕಾಶಪ್ಪಣ್ಣನ ತಾಯಿ ಸುಂದ್ರವ್ವ ಚಾಳಿನ ಕೊನೆಯ ಖೋಲಿಯಿಂದ ಬಂದು ನನ್ನ ಹತ್ತಿರವೇ ಕೂರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದಾಗ ಮನೀಶ್ ಎಂಬ ಟಿವಿ ವರದಿಗಾರ ಕ್ಯಾಮೆರಾದವನ ಜೊತೆ ಬಂದ. ನೀರು ಕೇಳಿದ, ಕೊಟ್ಟೆ. ಕುಡಿದು, "ಭಾಭೀ, ಏಕ್ ಚೀಜ್ ದಿಖಾನಾ ಹೈ" ಎಂದು ಫೋನ್ ಮುಂದೆ ಹಿಡಿದ. ಮರಳಿನ ಮೇಲೆ ಒಬ್ಬ ಮೊಣಕಾಲೂರಿ ಕುಳಿತಿದ್ದ, ಎದೆಯವರೆಗೆ ಗಡ್ಡ, ಹಿಂದೆ ಬಂದೂಕುಗಳು. "ಪೆಹಚಾನ್‌ತೀ ಹೋ?" ಎಂದ, ಗುರುತು ಸಿಗುತ್ತದೆಯೇ ಅಂತ. ಕಣ್ಣು ನೋಡಿದ ಮೇಲೆ ಅದು ನೀವೆಂದು ಗೊತ್ತಾಯಿತು. ನಾನು ಕುಸಿದೆ. ಕ್ಯಾಮೆರಾ ಅಷ್ಟೂ ಹೊತ್ತು ನನ್ನ ಮುಖದ ಮೇಲೇ ಇತ್ತೆಂದು ಸಂಜೆ ಟಿವಿ ನೋಡಿದಾಗಲೇ ತಿಳಿದದ್ದು.

ನಾನು ಬೀಳುವುದನ್ನು ಮತ್ತೆ ಮತ್ತೆ ತೋರಿಸಿದರು. ನಿಮ್ಮ ಚಿತ್ರದ ಒಂದು ಮೂಲೆಯಲ್ಲಿ ಅಪಹರಿಸಿದವರ ಬಾವುಟ, ಇನ್ನೊಂದು ಮೂಲೆಯಲ್ಲಿ ಚಾನೆಲ್ಲಿನ ಗುರುತು, ಕೆಳಗೆ ದಪ್ಪಕ್ಷರದಲ್ಲಿ "ಸಬ್‌ಸೇ ಪೆಹಲೇ". ಎಲ್ಲರಿಗಿಂತ ಮೊದಲಂತೆ. ಹೆಂಡತಿಗಿಂತ ಮೊದಲು, ಮಗಳಿಗಿಂತ ಮೊದಲು. ಚಿತ್ರದಲ್ಲಿ ನೀವೊಬ್ಬರೇ ಇದ್ದಿರಿ. ಅಷ್ಟಕ್ಕೇ ಇನ್ನೊಬ್ಬನನ್ನು ಕೊಂದಿರಬಹುದು ಎಂದು ಸ್ಟುಡಿಯೊದಲ್ಲಿ ಕೂತವನು ಹೇಳಿಬಿಟ್ಟ. ಚಾಳಿನ ಯಾವುದೋ ಮನೆಯ ಟಿವಿಯಲ್ಲಿ ಸುಂದ್ರವ್ವ ಅದನ್ನು ಕೇಳಿದಳು. ಬಾಗಿಲಲ್ಲೇ ಕೂತು ಎದೆ ಎದೆ ಬಡಿದುಕೊಂಡಳು. ಎರಡು ದಿನ ಬಾಯಿಗೆ ನೀರು ಹಾಕಲಿಲ್ಲ.

ಆದರೆ ಟಿವಿಯಲ್ಲಿ ಚಿತ್ರ ನಿಲ್ಲುವಾಗ ನಿಮ್ಮ ತುಟಿ ಇನ್ನೂ ಆಡುತ್ತಿತ್ತು. ಏನೋ ಹೇಳುತ್ತಿದ್ದಿರಿ. ನಿಮ್ಮ ತಮ್ಮ ದೇವಾನಂದನನ್ನು ಕರೆದುಕೊಂಡು ಲೋಕಲ್ ಹಿಡಿದು ಗೋರೆಗಾಂವಿನ ಅವರ ಆಫೀಸಿಗೆ ಹೋದೆ. ಮನೀಶ್ ಗೇಟಿಗೆ ಬಂದ. ಪೂರಾ ವಿಡಿಯೊ ತೋರಿಸಿದರೆ ಆ ಜನರಿಗೆ ಪ್ರಚಾರ ಕೊಟ್ಟಂತಾಗುತ್ತದೆ, ನಮ್ಮ ನಿಯಮ ಹಾಗಿದೆ ಎಂದ. ನನ್ನ ಹರಕು ಹಿಂದಿ ನಿಮಗೆ ಗೊತ್ತಲ್ಲ. "ಬಂದೂಕ್‌ವಾಲಾ ದಿನ್‌ಭರ್ ದಿಖಾಯಾ, ಮೇರಾ ಆದ್ಮೀ ಕಾ ಬಾತ್ ಕಾಯಕೋ ಕಾಟಾ?" ಎಂದು ಅಲ್ಲೇ ನಿಂತು ಕೂಗಿದೆ, ಬಂದೂಕಿನವರನ್ನು ದಿನವಿಡೀ ತೋರಿಸಿ ನನ್ನ ಗಂಡನ ಮಾತನ್ನೇಕೆ ಕತ್ತರಿಸಿದಿರಿ ಎಂದು. ಗೇಟಿನ ಮುಂದೆ ಜನ ಸೇರಿದರು. ದೇವಾನಂದ ಮೆಲ್ಲಗೆ, "ವೈನಿ, ಸಾಕ್ರಿ" ಅಂದ. ಸಾಕು ಅನ್ನಿಸಲಿಲ್ಲ ನನಗೆ.

ಗದ್ದಲ ಕೇಳಿ ಸುದ್ದಿ ಡೆಸ್ಕಿನ ರಂಜನಾ ಎಂಬಾಕೆ ಹೊರಗೆ ಬಂದಳು. ನಮ್ಮನ್ನು ಕ್ಯಾಂಟೀನಿಗೆ ಕರೆದೊಯ್ದು ಕೂರಿಸಿ ಎಲ್ಲ ಹೇಳಿದಳು. ಆ ಜನ ವಿಡಿಯೊ ಮಾಡಿ ಮೊದಲು ತಮ್ಮದೇ ಗುಂಪಿನಲ್ಲಿ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರಂತೆ. ಅಲ್ಲಿನ ಒಬ್ಬ ಪತ್ರಕರ್ತನ ಫೋನಿಗೆ ಅದು ಬಂತು, ಅವನಿಂದ ಸುದ್ದಿ ಸಂಸ್ಥೆಗೆ, ಅಲ್ಲಿಂದ ಜಗತ್ತಿನ ಎಲ್ಲ ಚಾನೆಲ್ಲುಗಳಿಗೆ. ಸಂಸ್ಥೆಯವರು ಜೊತೆಗೆ ಎಚ್ಚರಿಕೆ ಬರೆದಿದ್ದರು: ಮನೆಯವರಿಗೆ ತಿಳಿಸುವ ತನಕ ಪ್ರಸಾರ ಬೇಡ, ಮುಖ ಮಸುಕು ಮಾಡಿ ಎಂದು. "ನಾನು ಓದಿ ಹೇಳಿದೆ. ವರೂನ್ ಸಾಂಗಿತಲಂ, ಲಗೇಚ್ ಲಾವಾ" ಅಂದಳು. ಮೇಲಿನವರು ಕೂಡಲೇ ಹಾಕಿ ಅಂದರಂತೆ.

ತನ್ನ ಫೋನಿನಲ್ಲಿ ಪೂರಾ ತೋರಿಸಿದಳು. ಅವರು ಕೊಟ್ಟ ಇಂಗ್ಲಿಷ್ ಕಾಗದ ಓದಿ ಮುಗಿಸಿ ನೀವು ತಲೆ ಎತ್ತಿ, "ಕಾಶಪ್ಪ ಜೀವಂತ ಅದಾನ, ಒಳಗ ಜ್ವರ ಬಂದು ಮಲಗ್ಯಾನ, ಸುಂದ್ರವ್ವಗ ಹೇಳ" ಅಂದಿರಿ. ಆಮೇಲೆ ಯಾರದೋ ಅಂಗೈ ಅಡ್ಡ ಬಂತು. ಬಂದೂಕಿನ ಬಾಯಲ್ಲಿ ಕೂತು ನೀವು ಕಳಿಸಿದ ಮಾತು ಆಫ್ರಿಕಾ ದಾಟಿ ಗೋರೆಗಾಂವ್ ತನಕ ಬಂತು. ಭಾಷೆ ತಿಳಿಯಲಿಲ್ಲ ಎಂದು ಅಲ್ಲಿ ಕತ್ತರಿಸಿ ಎಸೆದರು. ಈ ಮುಂಬಯಿಯಲ್ಲಿ ಕನ್ನಡದವರು ಸಿಗಲಿಲ್ಲವೇ? ನನ್ನ ಮನೆಗೇ ಬಂದಿದ್ದರಲ್ಲ, ಒಂದು ಮಾತು ಕೇಳಲಿಲ್ಲ. ನಿಮ್ಮ ಮಾತಿನ ಅರ್ಥ ನಾನು ಹಿಂದಿಯಲ್ಲಿ ಹೇಳಿದಾಗ ರಂಜನಾ ಅದನ್ನು ಬರೆದುಕೊಂಡಳು, ವಿಡಿಯೊವನ್ನು ದೇವಾನಂದನ ಫೋನಿಗೆ ಕಳಿಸಿದಳು. ಸಂಜೆ ಪರದೆಯ ಅಡಿಯಲ್ಲಿ ಸಣ್ಣ ಸಾಲೊಂದು ಓಡಿತು: ಇನ್ನೊಬ್ಬರೂ ಜೀವಂತ. ಅಷ್ಟೇ ಅವರ ಪ್ರಾಯಶ್ಚಿತ್ತ.

ಸುಂದ್ರವ್ವನಿಗೆ ಹೇಳಿದಾಗ ಅವಳು ನಂಬಲಿಲ್ಲ. ದೇವಾನಂದನ ಫೋನಿನಲ್ಲಿ ನಿಮ್ಮ ದನಿ ಕೇಳಿಸಿದ ಮೇಲೆ, "ಯಲ್ಲಾಲಿಂಗ ಸುಳ್ಳ ಹೇಳಾಂವಲ್ಲ" ಎಂದು ನಿಮ್ಮ ಹೆಸರು ಹಿಡಿದು ಹೇಳಿ ಎದ್ದು ಮುಖ ತೊಳೆದಳು. ಕಂಪನಿಯವರು ಆ ಮಾತನ್ನು ದೆಹಲಿಗೆ ಮುಟ್ಟಿಸಿದರು. ಇಬ್ಬರ ಬಿಡುಗಡೆಗೂ ಮಾತುಕತೆ ನಡೆಸುತ್ತೇವೆ ಎಂದರು. ಈಗ ನೀವೊಬ್ಬರೇ ಹೊರಗೆ ಬಂದಿದ್ದೀರಿ. ಕಾಶಪ್ಪಣ್ಣನ ಬಗ್ಗೆ ಕೇಳಿದರೆ ವಿಚಾರಿಸುತ್ತಿದ್ದೇವೆ ಅನ್ನುತ್ತಾರೆ.

ಬಂದೂಕಿನವರು ಕ್ರೂರಿಗಳು, ಅವರಿಂದ ನಾನು ಬೇರೇನೂ ಬಯಸಲಿಲ್ಲ. ಆದರೆ ನಮ್ಮನ್ನು ಹೆದರಿಸಬೇಕೆಂದು ಅವರು ಮಾಡಿದ್ದನ್ನು ನನ್ನ ಹೊಸ್ತಿಲ ತನಕ ಹೊತ್ತು ತಂದವನು ನಾನು ಕೊಟ್ಟ ನೀರು ಕುಡಿದು ಆ ಕೆಲಸ ಮಾಡಿದ. ಅದನ್ನು ನಾನು ಮರೆಯಲಾರೆ.

ಗುಳಿಗೆ ತಪ್ಪಿಸಬೇಡಿ. ದೇವಾನಂದನ ನಮಸ್ಕಾರ, ಶೀತಲ್‌ಳ ಮುತ್ತು. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ನೀಲಾ

ತಾ.ಕ.: ಸಾಹೇಬರು ಪತ್ರ ಒಯ್ಯಲು ಬಂದು ಕೆಳಗೆ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿನ್ನೆ ನಾನು "ಕಾಶಪ್ಪಣ್ಣ?" ಎಂದು ಕೇಳಿದಾಗ ನೀವು ಮಾತು ತಿರುಗಿಸಿ, ಶೀತಲ್ ಶಾಲೆಗೆ ಹೋಗ್ತಾಳೇನು ಅಂದಿರಿ. ನನಗೆ ತಿಳಿಯಿತು. ಯಾರಿಗೂ ಹೇಳಿಲ್ಲ. ನೀವು ಬರುವ ದಿನ ಏರ್‌ಪೋರ್ಟಿಗೆ ಕ್ಯಾಮೆರಾಗಳು ಬರುತ್ತವಂತೆ, ಮನೀಶ್ ಆಗಲೇ ಫೋನ್ ಮಾಡಿದ್ದ. ಅಲ್ಲಿ ಬಾಯಿ ತೆರೆಯಬೇಡಿ. ಸುಂದ್ರವ್ವ ಈ ಸಲ ಟಿವಿಯಿಂದ ಕೇಳಬಾರದು. ನಮ್ಮ ಮನೆಗೂ ಆಮೇಲೆ ಹೋಗೋಣ, ಮೊದಲು ಅವಳ ಖೋಲಿಗೆ. ನಾನು ಬಾಗಿಲು ಹಾಕುತ್ತೇನೆ, ನೀವು ಅವಳ ಪಕ್ಕ ಕೂತು ಹೇಳಿರಿ.