ಬದನೆಕಾಯಿ ತಿಂದ ಅಪವಾದ

೧೩ ಸೆಪ್ಟೆಂಬರ್, ಶನಿವಾರ. ಹೊಸಪೇಟೆ

ಎಮ್ಮಿಗನೂರಿನ ಬಸಕ್ಕನ ಮಾತು ಕಿವಿಯಿಂದ ಹೋಗುತ್ತಿಲ್ಲ.

ಇವತ್ತು ಕಂಪ್ಲಿಯಲ್ಲಿ ಸೆಪ್ಸಿಸ್ ಬಗ್ಗೆ ತಿಳಿವಳಿಕೆ ಸಭೆ ನಡೆಸಿದೆ. ಊರ ಬಾಯಲ್ಲಿ ಅದು ನಂಜು; ಬದನೆಕಾಯಿ ತಿಂದರೆ ಏರುತ್ತದೆಂಬ ನಂಬಿಕೆ. ಬಸಕ್ಕ ಕಬ್ಬಿನ ಕೂಳೆ ಚುಚ್ಚಿ, ನಂಜೇರಿ, ಸಾವಿನ ಬಾಗಿಲಿಗೆ ಹೋಗಿ ಬಂದವಳು, ಕಾಲ್ಬೆರಳುಗಳನ್ನು ಕಳೆದುಕೊಂಡಿದ್ದಾಳೆ. ಅವಳು ಮಾತಾಡುವ ಮೊದಲೇ ಅವಳ ಅತ್ತೆ ಎದ್ದಳು. "ಬ್ಯಾಡ ಅಂದ್ರೂ ಬದನಿಕಾಯಿ ತಿಂದ್ಲುರೀ. ಭಾಳ ನಾಲಿಗಿ ಚಪಲ."

"ಹಂಗಾರ ಎಣ್ಣಿಗಾಯಿ ಮ್ಯಾಲೆ ಕೇಸ್ ಹಾಕ್ರಲೇ!" ಎಂದ ಹಿಂದಿನಿಂದ ಒಬ್ಬ. ಸಭೆ ನಕ್ಕಿತು.

ಜ್ವರದಲ್ಲಿ ಮಾತು ತೊದಲಿದರೂ ಅವಳನ್ನು ದವಾಖಾನೆಗೆ ಒಯ್ಯದೆ ಪಥ್ಯ ಮಾಡಿಸಿದವರು ಈ ಅತ್ತೆಮನೆಯವರೇ! ಬದನೆಕಾಯಿಯಿಂದ ಸೆಪ್ಸಿಸ್ ಬರುವುದಿಲ್ಲ, ತಡಮಾಡಿದರೆ ಜೀವ ಹೋಗುತ್ತದೆ ಎಂದು ಗಂಟಲು ಹರಿಯುವಂತೆ ಕೂಗಿದೆ. ಬಸಕ್ಕ ನೆಲ ನೋಡುತ್ತ ಒಂದೇ ಮಾತು ಹೇಳಿದಳು: "ನಾ ತಿಂದಿಲ್ಲರೀ."

ನನ್ನನ್ನು ಹೆತ್ತ ವಾರದಲ್ಲೇ ಅವ್ವ ಬಾಣಂತಿ ನಂಜಿನಿಂದ ಸತ್ತಳು. ಕದ್ದು ಬದನೆಕಾಯಿ ತಿಂದಳಂತೆ. ಅಜ್ಜಿ, ಅಪ್ಪ, ಸಂಡೂರಿನ ಸೋದರತ್ತೆ ಎಲ್ಲರೂ ಸಾಯುವವರೆಗೂ ಹಾಗೇ ಹೇಳಿದರು. ಚಳಿಜ್ವರದಲ್ಲಿ ನಡುಗುತ್ತಿದ್ದವಳಿಗೆ ಗಾಡಿ ಏಕೆ ಕಟ್ಟಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ.

ಅವ್ವನ ದನಿ ಹೇಗಿತ್ತೋ ಗೊತ್ತಿಲ್ಲ. ದೀಪ ಆರಿಸಲು ಹೆದರಿಕೆ. ಆರಿಸಿದರೆ ಬಸಕ್ಕನ ದನಿಯಲ್ಲಿ ಅವ್ವನೇ ಮೂಲೆಯಿಂದ ಹೇಳುತ್ತಾಳೆ, ನಾ ತಿಂದಿಲ್ಲ, ನಾ ತಿಂದಿಲ್ಲ...